ದೆಯನೀರಾಳ ಸೂಜಿ

ಫೋನಿನಲ್ಲಿ ಸುಲಾಯ್ “ಕೊನೇಲಿ ಅವಳ ಕಣ್ಣೇ ಹೋಗ್ಬಿಡತ್ತೆ ಕಣೇ” ಎಂದ ಕೂಡಲೇ ನಾನು ರಿಸೀವರ್ ಇಟ್ಟುಬಿಟ್ಟೆ. ಅವಳು ಇನ್ನೂ ಏನೋ ಹೇಳುತ್ತಿದ್ದಳು. ಮೂಲೆ ಅಂಗಡಿಯ ಫೋನು, ಹಿಂದೆ ಜನ ಸರದಿಗೆ ಕಾಯುತ್ತಿದ್ದರು, ಅದಕ್ಕೇ ಇಟ್ಟೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಮುಂದಿನದನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಸುಲಾಯ್ ನನ್ನ ದೊಡ್ಡಮ್ಮ ಬೆಲಾರ್ಮಿನಾಳ ಮಗಳು. ಗಡಿಯಾಚೆ, ಪಕ್ಕದ ದೇಶದ ಮಾರಕಾಯ್ಬೊ ಪಟ್ಟಣದಲ್ಲಿದ್ದಾಳೆ. ನಮ್ಮೂರು ಬರಾಂಕಿಯಾದ ಟೀವಿಯಲ್ಲಿ ಎಂಟು ಗಂಟೆಗೆ ಬರುವ ಧಾರಾವಾಹಿ ಅಲ್ಲಿ ತಿಂಗಳುಗಳ ಹಿಂದೆಯೇ ಮುಗಿದಿತ್ತು. ಹಾಗಾಗಿ ಆಚೆ ಕಡೆ ನೆಂಟರಿರುವವರಿಗೆ ನಮ್ಮ ಬೀದಿಯಲ್ಲಿ ಒಂದು ಗತ್ತು. ಯಾರ ಮದುವೆ ಯಾರ ಜೊತೆ, ಯಾರು ಸಾಯುತ್ತಾರೆ, ಎಲ್ಲ ಅವರಿಗೆ ಮೊದಲೇ ಗೊತ್ತು. ನನ್ನ ಅಮ್ಮ ಎದಿಲ್ಸಾ ಮಾತ್ರ ಎಂದೂ ಕೇಳಿದವಳಲ್ಲ. “ಮುಂದೆ ಏನಾಗತ್ತೆ ಅಂತ ಗೊತ್ತಿದ್ರೆ ನೋಡೋದ್ಯಾಕೆ? ಎಂಜಲು ತಿಂದ ಹಾಗಿರತ್ತೆ” ಎನ್ನುತ್ತಾಳೆ. ಅವಳಿಗೆ ತಿಳಿಯದಂತೆ ಕೇಳಿದವಳು ನಾನು. ಕೊನೆಯ ಕಂತು ಶುಕ್ರವಾರ. ನಾನು ಫೋನು ಮಾಡಿದ್ದು ಬುಧವಾರ.

ಒಂದು ಧಾರಾವಾಹಿಗೆ ಇಷ್ಟು ಹೆದರುವುದೇಕೆ ಎಂದು ಯಾರಿಗಾದರೂ ಅನಿಸಬಹುದು. ಅಮ್ಮನಿಗೆ ಸಕ್ಕರೆ ಕಾಯಿಲೆ. ಮಾತ್ರೆ ಸಾಲುತ್ತಿಲ್ಲ, ಇನ್ಸುಲಿನ್ ಸೂಜಿ ಶುರು ಮಾಡಲೇಬೇಕು ಎಂದು ಡಾಕ್ಟರು ಎಷ್ಟು ಸಲ ಹೇಳಿದರೂ ಅವಳು ಒಪ್ಪಿರಲಿಲ್ಲ. ಆ ಸೂಜಿ ಚುಚ್ಚಿಕೊಂಡವರ ಕಣ್ಣು ಹೋಗುತ್ತದೆ, ಇಲ್ಲವೇ ಕಾಲು ಹೋಗುತ್ತದೆ ಎಂದು ನಮ್ಮ ಕಡೆ ಬಹಳ ಜನ ನಂಬುತ್ತಾರೆ. ಬೆಲಾರ್ಮಿನಾ ದೊಡ್ಡಮ್ಮನಿಗೆ ಸೂಜಿ ಶುರುವಾದ ಮರುವರ್ಷವೇ ಮೊಣಕಾಲಿನ ಕೆಳಗೆ ಕತ್ತರಿಸಿದರು. ಆಮೇಲೆ ಅವಳು ಹೆಚ್ಚು ದಿನ ಉಳಿಯಲಿಲ್ಲ. ಅಮ್ಮನ ಪಾಲಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕಿರಲಿಲ್ಲ.

ನಾನು ಹಗಲು ಬಟ್ಟೆ ಅಂಗಡಿಯಲ್ಲಿ ಗುಂಡಿ, ದಾರ ಮಾರಿ, ಸಂಜೆ ತರಗತಿಯಲ್ಲಿ ನರ್ಸ್ ಸಹಾಯಕಿಯ ಪಾಠ ಓದುತ್ತೇನೆ. ಹಾಗಾಗುವುದು ಸೂಜಿಯಿಂದಲ್ಲ, ಸೂಜಿ ತಡವಾದ್ದರಿಂದ ಎಂದು ಪುಸ್ತಕ ತೆರೆದು ತೋರಿಸಿದ್ದೆ. ಅಮ್ಮ ಬಾಣಲೆಯಿಂದ ತಲೆ ಎತ್ತಿರಲಿಲ್ಲ. ಬೆಳಿಗ್ಗೆ ಬೀದಿ ಮೂಲೆಯಲ್ಲಿ ಮೊಟ್ಟೆ ತುಂಬಿದ ಜೋಳದ ರೊಟ್ಟಿ ಅರೆಪಾ, ಮರಗೆಣಸಿನ ವಡೆ ಕರಿದು ಮಾರುವುದು ಅವಳ ಕೆಲಸ.

“ನಿನ್ನ ಪುಸ್ತಕ ಬರೆದೋನು ಬೆಲಾರ್ಮಿನಾನ ನೋಡಿದ್ನಾ?”

ಅವಳ ಎಡ ಹಿಮ್ಮಡಿಯಲ್ಲಿ ಚಪ್ಪಲಿ ಕಚ್ಚಿದ ಒಂದು ಸಣ್ಣ ಗಾಯ ತಿಂಗಳಾದರೂ ಒಣಗದೆ ಹಸಿಯಾಗಿಯೇ ಇತ್ತು. ಅದನ್ನು ನೋಡಿದಾಗಲೆಲ್ಲ ನನಗೆ ದೊಡ್ಡಮ್ಮನ ಖಾಲಿ ಚಪ್ಪಲಿ ನೆನಪಾಗುತ್ತಿತ್ತು.

ಆ ಗಾಯವನ್ನು ಒಣಗಿಸಿದವಳು ದೆಯನೀರಾ.

ದೋನ್ಯಾ ದೆಯನೀರಾ, ಎಂದರೆ ದೆಯನೀರಾ ಅಮ್ಮಾವ್ರು, ಆ ಧಾರಾವಾಹಿಯ ಕೆಟ್ಟ ಹೆಂಗಸು. ಸಾವಿರಾರು ದನಗಳ ಒಡತಿ. ಉಯಿಲು ಸುಟ್ಟವಳು, ಹಸುಗೂಸನ್ನು ಅದಲುಬದಲು ಮಾಡಿದವಳು, ನಾಯಕಿಯನ್ನು ಬಾವಿಗೆ ತಳ್ಳಿದವಳು. ಇಡೀ ಬೀದಿ ಅವಳಿಗೆ ಶಾಪ ಹಾಕುತ್ತಿತ್ತು. ಅಮ್ಮನೊಬ್ಬಳಿಗೇ ಅವಳೆಂದರೆ ಇಷ್ಟ. “ಆ ಇನ್ನೊಂದು ಹುಡುಗಿ ಬರೀ ಅಳತ್ತೆ. ಇವಳು ಕೆಲ್ಸ ಮಾಡ್ತಾಳೆ” ಎನ್ನುತ್ತಿದ್ದಳು. ಒಂದು ಕಂತಿನಲ್ಲಿ ದೆಯನೀರಾ ಊಟದ ಮೇಜಿಗೆ ಬಂದಳು. ಸುತ್ತ ಕೂತವರೆಲ್ಲ ಅವಳ ವೈರಿಗಳು. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಲಂಗದ ಅಂಚು ಚೂರು ಎತ್ತಿ, ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡು, ಸಿರಿಂಜನ್ನು ಚಮಚದ ಹಾಗೆ ತಟ್ಟೆಯ ಪಕ್ಕದಲ್ಲಿಟ್ಟು, “ಈಗ ಬಡಿಸಿ” ಎಂದಳು.

ಅಮ್ಮನ ತೂಗುಕುರ್ಚಿ ನಿಂತುಹೋಯಿತು. ಮಾರನೆಯ ದಿನ ಬೆಳಿಗ್ಗೆ ಕೈ ಒರೆಸಿಕೊಳ್ಳುತ್ತ ಬಂದು, “ಆ ಸೂಜಿ ತುಂಬ್ಸೋದು ಹೇಗೆ, ತೋರ್ಸು” ಎಂದಳು.

ಅಲ್ಲಿಂದ ಎಲ್ಲ ಬದಲಾಯಿತು. ದೆಯನೀರಾ ಬೆಳಗಾಗುವ ಮೊದಲೇ ಕೋಲು ಹಿಡಿದು ತನ್ನ ಬೇಲಿಗಳ ಉದ್ದಕ್ಕೂ ನಡೆಯುತ್ತಾಳೆ, ಆದ್ದರಿಂದ ಅಮ್ಮನೂ ಒಂದು ಕೋಲು ಹುಡುಕಿ ರೈಲು ಹಳಿಯವರೆಗೆ ನಡೆದು ಬರತೊಡಗಿದಳು. ದೆಯನೀರಾ ಕಹಿ ಕಾಫಿ ಕುಡಿಯುತ್ತಾಳೆ, ಆದ್ದರಿಂದ ಹುಟ್ಟಿದಾಗಿನಿಂದ ಕುಡಿಯುತ್ತಿದ್ದ ಬೆಲ್ಲದ ನೀರನ್ನು ಅಮ್ಮ ಬಿಟ್ಟಳು. ಅದೇ ಬೆಲ್ಲದ ನೀರಿಗಾಗಿ ಅವಳು ನನ್ನೊಂದಿಗೆ ವಾರಗಟ್ಟಲೆ ಮಾತು ಬಿಟ್ಟದ್ದೂ ಉಂಟು. ಪ್ರತಿದಿನ ಧಾರಾವಾಹಿಯ ಮೊದಲ ಜಾಹೀರಾತು ಬಂತೆಂದರೆ ನಾನು ಬಟ್ಟಲಲ್ಲಿ ಸಿರಿಂಜು ತರಬೇಕು. ನಮ್ಮ ಮನೆಯ ಬಣ್ಣದ ಟೀವಿಯ ಮುಂದೆ ಕೂರಲು ಬಂದ ನೆರೆಹೊರೆಯವರೆದುರು ಅಮ್ಮ ತಲೆಯೆತ್ತಿ ಚುಚ್ಚಿಕೊಳ್ಳುವಳು.

“ಬಂದ್ಲಪ್ಪಾ ದೋನ್ಯಾ! ಬಾವಿ ಹತ್ರ ಯಾರೂ ನಿಲ್ಬೇಡಿ!” ಎಂದು ಎದುರು ಮನೆಯ ನೆರೇಯ್ದಾ ಕೂಗುವಳು.

“ಹೆದರ್ಬೇಡ್ವೇ, ನಿನ್ನ ಸೊಂಟ ಬಾವಿ ಬಾಯಲ್ಲೇ ಸಿಕ್ಕಾಕೊಳತ್ತೆ” ಎಂದು ಅಮ್ಮ ಹೇಳುವಳು.

ಗಾಯ ಅಂಚಿನಿಂದ ಒಣಗುತ್ತ ಬಂತು. ನನ್ನ ಪುಸ್ತಕ ಮಾಡದ್ದನ್ನು ಒಬ್ಬ ಕೆಟ್ಟ ಹೆಂಗಸು ಮಾಡಿದಳಲ್ಲ ಎಂದು ನನಗೆ ಸಣ್ಣ ಹೊಟ್ಟೆಕಿಚ್ಚೂ ಆಯಿತು. ಆದರೆ ಮೊದಲ ದಿನವೇ ನನಗೆ ಹೊಳೆಯಬೇಕಿದ್ದ ಒಂದು ಸಂಗತಿ ಹೊಳೆದಿರಲಿಲ್ಲ. ನಮ್ಮ ಧಾರಾವಾಹಿಗಳಲ್ಲಿ ಕೆಟ್ಟವರು ಕೊನೆಯ ಕಂತಿನಲ್ಲಿ ಅನುಭವಿಸಲೇಬೇಕು. ಬೆಂಕಿ, ಹುಚ್ಚು, ಗಾಲಿಕುರ್ಚಿ, ಕುರುಡು, ಯಾವುದಾದರೂ ಒಂದು. ಅದಿಲ್ಲದಿದ್ದರೆ ಜನ ಟೀವಿಗೆ ಚಪ್ಪಲಿ ಎಸೆಯುತ್ತಾರೆ. ಈ ಸಲ ಬರೆದವರು ಕುರುಡನ್ನೇ ಆರಿಸಿಕೊಂಡಿದ್ದರು.

ಗುರುವಾರ ಬೆಳಿಗ್ಗೆ ಅಮ್ಮ ಬೇಯಿಸಿದ ಮರಗೆಣಸು ನಾದುತ್ತಿದ್ದಾಗ ನಾನು ಬಾಯಿ ಬಿಟ್ಟೆ.

“ಅಮ್ಮ, ಈ ಧಾರಾವಾಹಿಗಳಲ್ಲಿ ಏನೇನೋ ಬರೀತಾರೆ. ಡಾಕ್ಟ್ರನ್ನ ಕೇಳಿ ಬರೆಯಲ್ಲ.”

ನಾದುತ್ತಿದ್ದ ಕೈ ನಿಂತಿತು. “ಈಗ್ಯಾಕೆ ಈ ಮಾತು?”

“ಸುಮ್ನೆ ಅಂದೆ.”

“ಸುಲಾಯ್‌ಗೆ ಫೋನ್ ಮಾಡಿದ್ಯಾ?”

“ಇಲ್ಲಮ್ಮ.”

“ಮೂಗಿಂದ ಕೈ ತೆಗಿ. ಸುಳ್ಳು ಹೇಳೋವಾಗ ನಿಮ್ಮಪ್ಪನೂ ಹಾಗೇ ಮೂಗು ಹಿಡ್ಕೊಳ್ತಿದ್ದ.”

ಅವಳು ಮತ್ತೆ ನಾದತೊಡಗಿದಳು. ಆ ಸಂಜೆ ಸೂಜಿ ಚುಚ್ಚಿಕೊಂಡಳು. ಆದರೆ ಚುಚ್ಚುವ ಮೊದಲು ಅದನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದಳು. ನಾನು ಮಾತಾಡದೇ ಇದ್ದಿದ್ದರೆ ಹಾಗೆ ನೋಡುತ್ತಿರಲಿಲ್ಲ.

ಶುಕ್ರವಾರ ತರಗತಿಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವುದನ್ನು ಕಲಿಸಿದರು. ನನಗೆ ಒಂದೂ ತಲೆಗೆ ಹೋಗಲಿಲ್ಲ. ನನ್ನ ತಲೆ ತುಂಬ ಹಿತ್ತಲಿನ ಬಟ್ಟೆ ಒಗೆಯುವ ತೊಟ್ಟಿಯ ಮೇಲಿರುವ ಕರೆಂಟಿನ ಡಬ್ಬಿಯೇ ಇತ್ತು. ನಮ್ಮ ಕಡೆ ಕರೆಂಟು ಹೋಗುವುದು ಹೊಸತಲ್ಲ, ಯಾರಿಗೂ ಅನುಮಾನ ಬರುವುದಿಲ್ಲ. ಮೊದಲ ಜಾಹೀರಾತಿಗೆ ಅಮ್ಮ ಸೂಜಿ ಚುಚ್ಚಿಕೊಳ್ಳಲಿ, ಆಮೇಲೆ ಗುಂಡಿ ಕೆಳಗೆ ಒತ್ತಿದರಾಯಿತು. ಹೀಗೆ ಲೆಕ್ಕ ಹಾಕಿದ್ದೆ. ಅದು ಸರಿಯೋ ತಪ್ಪೋ ಎಂದು ಬಸ್ಸಿನಲ್ಲಿ ಬರುವಾಗ ಮತ್ತೆ ಮತ್ತೆ ಯೋಚಿಸಿದೆ. ಬೇರೆ ದಾರಿ ಕಾಣಲಿಲ್ಲ.

ಎಂಟು ಗಂಟೆಗೆ ಜಗಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಂತಮ್ಮ ಕುರ್ಚಿಗಳನ್ನು ಹೊತ್ತು ಬಂದಿದ್ದರು. ನಾನು ಸಿರಿಂಜು ತುಂಬಿಸಿ, ಬಟ್ಟಲಲ್ಲಿಟ್ಟು, ಅಮ್ಮನ ಪಕ್ಕದ ಸ್ಟೂಲಿನ ಮೇಲಿಟ್ಟು ಜಾಹೀರಾತಿಗೆ ಕಾದೆ.

ಜಾಹೀರಾತು ಬರಲೇ ಇಲ್ಲ. ಕೊನೆಯ ಕಂತೆಂದು ನಡುವೆ ನಿಲ್ಲಿಸದೆ ತೋರಿಸುತ್ತಿದ್ದರು. ಉಯಿಲು ಸುಟ್ಟದ್ದು ಬಯಲಾಯಿತು. ಪೊಲೀಸರಿಂದ ತಪ್ಪಿಸಿಕೊಂಡು ಸನ್ಯಾಸಿನಿಯರ ಮಠದಲ್ಲಿ ಅಡಗಿದ್ದ ದೆಯನೀರಾಳನ್ನು ಪತ್ತೆ ಹಚ್ಚಿದರು. ಅವಳು ಮೆಟ್ಟಿಲಿಳಿಯುವಾಗ ಗೋಡೆ ಸವರಿಕೊಂಡು ಇಳಿದಳು. ಮುಂದಿನ ದೃಶ್ಯದಲ್ಲಿ ಆಸ್ಪತ್ರೆ, ಬಿಳಿ ಹಾಸಿಗೆ. ಸಣ್ಣ ವಯಸ್ಸಿನ ಡಾಕ್ಟರೊಬ್ಬ ಮುಖ ಗಂಟಿಕ್ಕಿಕೊಂಡು ಬಾಗಿಲು ತೆರೆದ. ಅಮ್ಮ ಮುಂದಕ್ಕೆ ಬಾಗಿ ಕೂತಳು. ಸ್ಟೂಲಿನ ಮೇಲೆ ಸಿರಿಂಜು ಹಾಗೇ ಇತ್ತು.

ನಾನು ಎದ್ದು ಹಿತ್ತಲಿಗೆ ಹೋದೆ. ಗೋಡೆಯಾಚೆಯಿಂದ “ಸೆನ್ಯೋರಾ, ನಿಮಗೊಂದು ವಿಷ್ಯ ಹೇಳ್ಬೇಕು” ಎಂಬ ಡಾಕ್ಟರ ಮಾತು ಕೇಳಿತು.

ಗುಂಡಿ ಒತ್ತಿದೆ.

ಕತ್ತಲೆ. ಜಗಲಿಯಲ್ಲಿ ಎಲ್ಲರೂ ಒಟ್ಟಿಗೆ ಕಿರುಚಿದರು. ಒಂದು ಗಳಿಗೆ ನನಗೆ ನೆಮ್ಮದಿಯಾಯಿತು. ಅಷ್ಟರಲ್ಲಿ ನೆರೇಯ್ದಾಳ ದನಿ: “ಅಯ್ಯೋ, ಬೀದಿಗೆಲ್ಲ ಇದೆ, ಇವರ ಮನೇದು ಮಾತ್ರ ಹೋಗಿದೆ! ಬನ್ರೇ, ನಮ್ಮನೇಲಿ ಟೀವಿ ಹಚ್ಚಿದಾನೆ ನಮ್ಮ ಯಜಮಾನ!” ಕುರ್ಚಿಗಳು ಉರುಳಿದವು, ಚಪ್ಪಲಿಗಳು ಬೀದಿ ದಾಟಿದವು. ತೆರೆದ ಬಾಗಿಲಾಚೆ ಎದುರು ಮನೆಯ ಕಿಟಕಿಯಲ್ಲಿ ಪುಟ್ಟ ಟೀವಿ ನೀಲಿಯಾಗಿ ಮಿನುಗುತ್ತಿತ್ತು. ಅಲ್ಲಿಂದ ಚಪ್ಪಾಳೆ, ಶಿಳ್ಳೆ, “ಹಂಗೇ ಆಗ್ಬೇಕು ನಿಂಗೆ!” ಎಂಬ ಕೂಗು.

ಜಗಲಿಯಲ್ಲಿ ಒಬ್ಬಳೇ ಉಳಿದಿದ್ದ ಅಮ್ಮ ದನಿ ಏರಿಸದೆ ಹೇಳಿದಳು:

“ಮಾರೆಲ್ಬಿಸ್, ಗುಂಡಿ ಮೇಲಕ್ಕೆತ್ತು.”

ಎತ್ತಿದೆ. ಟೀವಿಗೆ ಮತ್ತೆ ಜೀವ ಬರುವಷ್ಟರಲ್ಲಿ ದೆಯನೀರಾಳ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿದ್ದರು. ಅವಳು ಕೈ ಚಾಚಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದಳು. ಆಮೇಲೆ ಇಗರ್ಜಿಯ ಗಂಟೆ, ನಾಯಕಿಯ ಮದುವೆ, ಹೂವು.

ಮೊದಲು ಓಡಿ ಬಂದವಳು ನೆರೇಯ್ದಾ. “ಕುರುಡಿ ಆದ್ಲು ಕಣೇ ಎದಿಲ್ಸಾ! ಡಾಕ್ಟ್ರೇ ಹೇಳ್ದ. ಸೂಜಿ ಅಂದ, ಕಣ್ಣು ಅಂದ. ನಮ್ಮ ಜನ ಹೇಳೋದು ಸುಳ್ಳಾ ಮತ್ತೆ?”

“ಸರಿಯಾಗಿ ಕೇಳಿಸ್ತಾ ಚಿಕ್ಕಮ್ಮ?” ಎಂದೆ.

“ಆ ಗಲಾಟೇಲಿ ಪೂರ್ತಿ ಎಲ್ಲಿ ಕೇಳತ್ತೆ! ಆದ್ರೆ ಸೂಜಿ ಅಂದಿದ್ದು ಕೇಳ್ತು. ನನ್ ತಾಯಾಣೆಗೂ.”

ಎಲ್ಲರೂ ಹೋದ ಮೇಲೆ ಅಮ್ಮ ಸ್ಟೂಲಿನ ಮೇಲಿನ ಬಟ್ಟಲನ್ನು ನೋಡಿದಳು. ಆಮೇಲೆ ನನ್ನನ್ನು.

“ಕರೆಂಟ್ ಯಾಕೆ ತೆಗ್ದೆ?”

“ನೀನು ನೋಡ್ಬಾರ್ದು ಅಂತ.”

“ಹಾಗಾದ್ರೆ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ನನ್ ಕೈಗೆ ಸೂಜಿ ಕೊಟ್ಟೆ.”

“ಹಾಗಲ್ಲಮ್ಮ. ಕತೇಲಿ ಹಾಗೆ ಬರೆದಿದ್ದಾರೆ ಅಷ್ಟೇ. ನಿಜವಾಗ್ಲೂ...”

“ಎತ್ತಿಡು ಅದನ್ನ.”

ಶನಿವಾರ ಬೆಳಿಗ್ಗೆ ಕೋಲು ಬಾಗಿಲ ಹಿಂದೆಯೇ ಇತ್ತು. ಅಮ್ಮ ನಡೆಯಲು ಹೋಗಲಿಲ್ಲ. ಅಡುಗೆಮನೆಯಿಂದ ಬೆಲ್ಲ ಕುದಿಯುವ ವಾಸನೆ ಬಂತು. ಆ ವಾಸನೆ ನಮ್ಮ ಮನೆಯಲ್ಲಿ ಸುಳಿದು ಎಷ್ಟೋ ಕಾಲವಾಗಿತ್ತು. ಕಾಯಿಸಿದ್ದನ್ನು ನನ್ನೆದುರೇ ಕುಡಿದಳು. ಮಧ್ಯಾಹ್ನದ ಹೊತ್ತಿಗೆ ಮಡಕೆಯ ನೀರು ತಳ ಕಂಡಿತ್ತು. ಕುಡಿಯುವುದು, ಹಿತ್ತಲಿಗೆ ಹೋಗುವುದು, ಮತ್ತೆ ಕುಡಿಯುವುದು. “ಬಿಸಿಲು ಜಾಸ್ತಿ” ಎಂದಳು. ಬಿಸಿಲು ಎಂದಿನಷ್ಟೇ ಇತ್ತು. ಕಾಲು ತೋರಿಸು ಎಂದರೆ ತೋರಿಸಲಿಲ್ಲ. ಸಂಜೆ ನಾನು ಬಟ್ಟಲು ತಂದಾಗ ಮುಖ ತಿರುಗಿಸಿದಳು. ನಾನು ಅತ್ತೆ, ಗದರಿದೆ, ಪುಸ್ತಕದ ಮಾತುಗಳನ್ನೆಲ್ಲ ಹೇಳಿದೆ. ಹೇಳುತ್ತಿದ್ದಂತೆ ಅವು ನನಗೇ ಟೊಳ್ಳಾಗಿ ಕೇಳಿಸಿದವು.

ಭಾನುವಾರ ಅವಳು ಇಗರ್ಜಿಗೆಂದು ಬಟ್ಟೆ ಬದಲಿಸುವಾಗ ಕಳಚಿಟ್ಟ ಚಪ್ಪಲಿ ನೋಡಿದೆ. ಹಿಮ್ಮಡಿಯ ಜಾಗದಲ್ಲಿ ಕಂದು ಬಣ್ಣದ ಹಸಿ ಕಲೆ.

ನಾನು ಮೂಲೆ ಅಂಗಡಿಯ ಫೋನಿಗೆ ಓಡಿದೆ. ಏನು ಕೇಳಬೇಕೆಂದೂ ಯೋಚಿಸಿರಲಿಲ್ಲ. ಯಾರಾದರೊಬ್ಬರಿಗೆ ಹೇಳಿಕೊಳ್ಳಬೇಕಿತ್ತು, ಅಷ್ಟೇ.

“ಓ, ಮಹಾರಾಣಿ!” ಎಂದಳು ಸುಲಾಯ್. “ಮೊನ್ನೆ ಮಾತಾಡ್ತಿದ್ದ ಹಾಗೇ ಮುಖಕ್ಕೆ ಫೋನ್ ಇಟ್ಯಲ್ಲ, ನಾನೇನು ಸಾಲ ಕೇಳಿದ್ನಾ?”

“ಸುಲಾಯ್, ಡಾಕ್ಟ್ರು ಏನಂದ? ಆಸ್ಪತ್ರೇಲಿ, ದೆಯನೀರಾಗೆ. ಪೂರ್ತಿ ಹೇಳು.”

“ಅದನ್ನೇ ತಾನೆ ಹೇಳೋಕೆ ಹೊರಟಿದ್ದು! ಮಠದಲ್ಲಿ ಬಚ್ಚಿಟ್ಕೊಂಡಿದ್ದಾಗ ನೀವು ಸೂಜಿ ಬಿಟ್ಬಿಟ್ರಿ ಸೆನ್ಯೋರಾ, ಅದಕ್ಕೇ ಕಣ್ಣು ಹೋಯ್ತು ಅಂದ. ನಾನಿಲ್ಲಿ ಗೊಳೋ ಅಂತ ಅತ್ತೆ. ಆ ಹಾಳು ಹೆಂಗ್ಸಿಗೆ ಅತ್ತವಳು ಇಡೀ ಮಾರಕಾಯ್ಬೊದಲ್ಲಿ ನಾನೊಬ್ಳೇ ಇರ್ಬೇಕು.”

ನಾನು ಗುಂಡಿ ಒತ್ತಿ ಕತ್ತಲೆ ಮಾಡಿದ್ದು ಆ ಒಂದು ಮಾತನ್ನೇ. ಅಮ್ಮನಿಗೆ ನಾನು ಹೇಳಿ ಹೇಳಿ ಸೋತಿದ್ದ ಮಾತನ್ನು ದೆಯನೀರಾಳ ಡಾಕ್ಟರ್ ಹೇಳುವವನಿದ್ದ. ನಾನೇ ಅವನ ಬಾಯಿ ಮುಚ್ಚಿಸಿದ್ದೆ.

ಮನೆಗೆ ಬಂದು ಹೇಳಿದಾಗ ಅಮ್ಮ ನನ್ನ ಮುಖವನ್ನೇ ನೋಡುತ್ತ ನಿಂತಳು.

“ಶುಕ್ರವಾರ ಕತ್ಲೆ ತಂದೆ. ಭಾನುವಾರ ಡಾಕ್ಟ್ರನ್ನ ತಂದ್ಯಾ?”

“ನಾನಲ್ಲಮ್ಮ, ಸುಲಾಯ್ ಹೇಳಿದ್ದು.”

“ಸುಲಾಯ್ ಹೇಳಿದ್ದು ಅಂತ ನೀನು ಹೇಳ್ತಿದೀಯ.”

“ಹಾಗಾದ್ರೆ ನೀನೇ ಕೇಳು. ಫೋನ್ ಹತ್ರಾನೇ ಕೂತಿದಾಳೆ.”

ಅವಳು ಯೋಚಿಸಿದಳು. “ಗಂಡಸರ ವಿಷ್ಯದಲ್ಲಿ ಆ ಹುಡುಗಿ ಬಾಯಿ ತೆಗೆದ್ರೆ ಸುಳ್ಳು. ಧಾರಾವಾಹಿ ವಿಷ್ಯದಲ್ಲಿ ಮಾತ್ರ ಹೇಳಲ್ಲ” ಎಂದು ತನಗೇ ಹೇಳಿಕೊಂಡು, ಬಾಗಿಲ ಹಿಂದಿನ ಕೋಲು ತೆಗೆದುಕೊಂಡಳು. ಈ ಸಲ ಅದು ಗತ್ತಿಗೆ ಹಿಡಿದ ಕೋಲಲ್ಲ. ಎಡಗಾಲು ಊರುವಾಗ ಅವಳಿಗೆ ಅದು ಬೇಕಾಗಿತ್ತು.

ಅಂಗಡಿಯಲ್ಲಿ ರಿಸೀವರನ್ನು ಕಿವಿಗೆ ಒತ್ತಿ ಹಿಡಿದುಕೊಂಡಳು. ಸುಲಾಯ್ ಹೇಳಿದ್ದು ನನಗೆ ಕೇಳುತ್ತಿರಲಿಲ್ಲ. ಅಮ್ಮನ ಮಾತು ಮಾತ್ರ ಕೇಳುತ್ತಿತ್ತು.

“ಮೊದ್ಲು ಹೇಳು, ಆಸ್ಪತ್ರೇಲಿ ಯಾವ ಬಟ್ಟೆ ಹಾಕಿದ್ಲು?... ಮಠದ್ದೇನಾ? ಹ್ಞೂಂ... ಆ ಚಿಕ್ಕ ಡಾಕ್ಟ್ರಾ?... ಹ್ಞೂಂ. ಬಿಟ್ಬಿಟ್ರಿ ಅಂದ್ನಾ? ಅದೇ ಮಾತಾ? ಚುಚ್ಚಿಕೊಂಡ್ರಿ ಅಂತ ಅಲ್ವಲ್ಲ?... ಸರಿ. ಅವಳೇನಂದ್ಲು?... ಏನೂ ಅನ್ನಲಿಲ್ವಾ.”

ಗಾಜಿನ ಪೆಟ್ಟಿಗೆಯ ಮೇಲೆ ತಾಳ ಹಾಕುತ್ತಿದ್ದ ಅಮ್ಮನ ಬೆರಳುಗಳು ನಿಂತವು.

“ಯಾರು?” ಎಂದಳು. ಆಮೇಲೆ, “ನಿಮ್ಮನೇಲಿದ್ದಾಗ್ಲೇ?... ನೀನು ಕಣ್ಣಾರೆ ನೋಡಿದ್ಯಾ?... ಮತ್ಯಾಕೆ ಹೇಳ್ಲಿಲ್ಲ ನಮಗೆ?”

ಸರದಿಯಲ್ಲಿದ್ದವನೊಬ್ಬ ಕೆಮ್ಮಿದ. ಅಮ್ಮ ಅವನಿಗೆ ಬೆನ್ನು ಹಾಕಿದಳು.

“ಅಳ್ಬೇಡ. ಅಳ್ಬೇಡಮ್ಮ ಸುಲಾಯ್. ಇಲ್ಲಿ ಜನ ಕಾಯ್ತಿದಾರೆ. ಇಡ್ತೀನಿ.”

ಮನೆಗೆ ಅರ್ಧ ದಾರಿಯವರೆಗೂ ಅವಳು ಕೋಲೂರಿಕೊಂಡು ನಡೆದಳು. ತನ್ನ ವಡೆಯ ಒಲೆ ಇಡುವ ಮೂಲೆಗೆ ಬಂದಾಗ ನಿಂತಳು.

“ಬೆಲಾರ್ಮಿನಾನೂ ಬಿಟ್ಟಿದ್ಲಂತೆ. ಮೈ ಹಗುರಾಯ್ತು, ಇನ್ಯಾಕೆ ಅಂತ. ಔಷಧೀನ ಹಿತ್ತಲಲ್ಲಿ ಚೆಲ್ಲಿ ಖಾಲಿ ಸೀಸೆ ತೋರಿಸ್ತಿದ್ಲಂತೆ. ಈ ಹುಡುಗಿ ನೋಡೀನೂ ಸುಮ್ನಿದ್ಲು, ಅಮ್ಮ ಬೈತಾಳೆ ಅಂತ.”

ನನಗೆ ಹೇಳಲು ಎಷ್ಟೋ ಇತ್ತು. ನೋಡಿದ್ಯಾ, ನಾನು ಹೇಳಿರಲಿಲ್ಲವಾ, ಪುಸ್ತಕದಲ್ಲೂ ಹಾಗೇ ಇದೆ. ಶುಕ್ರವಾರದಿಂದ ನನ್ನ ಮಾತಿಗೆ ಬೆಲೆಯಿಲ್ಲ ಎಂಬುದು ನೆನಪಾಗಿ ನುಂಗಿಕೊಂಡೆ. ಅಮ್ಮ ಆ ದಿನವಿಡೀ ತನ್ನಕ್ಕ ಬೆಲಾರ್ಮಿನಾಳ ಫೋಟೊ ಮುಂದೆ ಮೇಣದಬತ್ತಿ ಹಚ್ಚಿ ಕೂತಳು. ಹೊತ್ತಿಗೆ ಸರಿಯಾಗಿ ಬಟ್ಟಲು ತಂದಿಟ್ಟೆ. ಅವಳು ನನ್ನ ಮೇಲೆ ರೇಗಲೂ ಇಲ್ಲ, ಅದನ್ನು ಮುಟ್ಟಲೂ ಇಲ್ಲ.

ಸೋಮವಾರ ಹೊಸ ಧಾರಾವಾಹಿ ಶುರುವಾಯಿತು. ಸಮುದ್ರದ ದಡದ ಹೋಟೆಲು, ಒಬ್ಬ ಹುಡುಗ, ಒಬ್ಬ ಹುಡುಗಿ. ಅದರಲ್ಲಿ ವಯಸ್ಸಾದವರೇ ಇರಲಿಲ್ಲ, ಕಾಯಿಲೆಯವರಂತೂ ಇಲ್ಲವೇ ಇಲ್ಲ. ಆದರೂ ಹೇಗಿರುತ್ತದೋ ನೋಡೋಣವೆಂದು ಬೀದಿಯವರು ಬಂದು ಕೂತರು.

“ಏನ್ ಎದಿಲ್ಸಾ, ನಿನ್ ದೋನ್ಯಾ ಹೋದ್ಲು. ಇನ್ಮೇಲೆ ನೀನು ಬರೀ ವಡೆ ಎದಿಲ್ಸಾ” ಎಂದಳು ನೆರೇಯ್ದಾ.

ಅಮ್ಮನ ತೂಗುಕುರ್ಚಿ ಮೆಲ್ಲಗೆ ತೂಗುತ್ತಿತ್ತು. ಅವಳ ತುಟಿ ಒಣಗಿ ಬಿರಿದದ್ದು ಟೀವಿಯ ಬೆಳಕಿನಲ್ಲಿ ಕಾಣುತ್ತಿತ್ತು. ನಾನು ಸಿರಿಂಜು ತುಂಬಿಸಿ ಫ್ರಿಜ್ಜಿನಲ್ಲಿಟ್ಟು ಬಂದಿದ್ದೆ. ಈ ಸಲ ಬಟ್ಟಲು ತಂದು ಎದುರಿಗಿಡುವುದಿಲ್ಲ ಎಂದು ನಿರ್ಧರಿಸಿದ್ದೆ. ಅದು ಸರಿಯಾದ ನಿರ್ಧಾರವೇ ಎಂದು ಯಾರನ್ನು ಕೇಳಲಿ? ನರ್ಸ್ ಆಗುವವಳು ಹಾಗೆ ಕೈಕಟ್ಟಿ ಕೂರಬಾರದು. ಆದರೆ ನಾನು ಕೈ ಹಾಕಿದ್ದೆಲ್ಲ ಕೆಟ್ಟಿತ್ತು.

ಮೊದಲ ಜಾಹೀರಾತು ಬಂತು. ಸೋಪು. ಕಾಫಿ. ನಾನು ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತೆ. ಕೂದಲ ಎಣ್ಣೆ. ಅಮ್ಮ ಟೀವಿ ನೋಡುತ್ತಿದ್ದಳು. ಮತ್ತೆ ಸೋಪು. ನೆರೇಯ್ದಾ ಓರೆಗಣ್ಣಿನಲ್ಲಿ ಅಮ್ಮನ ಕಡೆ ನೋಡಿ, ಪಕ್ಕದವಳಿಗೆ ಮೊಣಕೈಯಿಂದ ತಿವಿದಳು. ಜಾಹೀರಾತು ಮುಗಿಯಿತು. ಹೋಟೆಲಿನ ಸಂಗೀತ ಮತ್ತೆ ಶುರುವಾಯಿತು. ಅಮ್ಮ ಅಲುಗಾಡಲಿಲ್ಲ.

ನನ್ನ ಕಣ್ಣಿಗೆ ಟೀವಿ ಮಸುಕಾಯಿತು. ಮುಗಿಯಿತು ಎಂದುಕೊಂಡೆ. ನಾಳೆ ಡಾಕ್ಟರ ಕಾಲು ಹಿಡಿದು ಮನೆಗೆ ಕರೆತರಬೇಕು, ಬಂದರೂ ಅಮ್ಮ ಬಾಗಿಲು ತೆರೆಯುತ್ತಾಳೋ ಇಲ್ಲವೋ.

ಕುರ್ಚಿ ಕಿರುಗುಟ್ಟಿತು. ಅಮ್ಮ ಎದ್ದು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. ನೀರು ಕುಡಿಯಲು ಇರಬೇಕು. ಮಡಕೆಯ ಮುಚ್ಚಳದ ಸದ್ದಿಗೆ ಕಿವಿಗೊಟ್ಟೆ. ಅದು ಬರಲಿಲ್ಲ. ಫ್ರಿಜ್ಜಿನ ಬಾಗಿಲು ತೆರೆದ ಸದ್ದು ಬಂತು, ಹಜಾರದ ಗೋಡೆಯ ಮೇಲೆ ಹಳದಿ ಬೆಳಕು ಬಿದ್ದು ಆರಿತು.

ಅವಳು ತನ್ನ ಕುರ್ಚಿಗೆ ಹಿಂದಿರುಗಲಿಲ್ಲ. ನೇರವಾಗಿ ಬಂದು ಟೀವಿಗೂ ಜನಕ್ಕೂ ನಡುವೆ, ತೆರೆಯನ್ನು ಪೂರ್ತಿ ಮರೆ ಮಾಡಿ ನಿಂತಳು.

“ಏ ಎದಿಲ್ಸಾ, ಸರ್ಕೊಳ್ಳೇ ಆಚೆ! ಮೊದಲ್ನೇ ಮುತ್ತು ಕೊಡ್ತಿದಾನೆ!” ಎಂದು ನೆರೇಯ್ದಾ ಕೂಗಿದಳು.

“ನಾಳೇನೂ ಕೊಡ್ತಾನೆ ಬಿಡು” ಎಂದಳು ಅಮ್ಮ. ಉಡುಪಿನ ಅಂಚನ್ನು ಎತ್ತಿದಳು. ದೆಯನೀರಾಳಂತೆ ಯಾರ ಮುಖವನ್ನೂ ನೋಡಲಿಲ್ಲ. ಚುಚ್ಚಿಕೊಂಡು, ಉಸಿರು ಬಿಟ್ಟು, ಖಾಲಿ ಸಿರಿಂಜನ್ನು ನನ್ನ ಕಡೆ ಚಾಚಿದಳು.

“ಬಾಯಿ ಬಿಟ್ಕೊಂಡು ಏನ್ ನೋಡ್ತಿದೀಯ? ಮೀನು ಬಿಸಿ ಮಾಡು. ಆಮೇಲೆ ಆ ಪಟ್ಟಿ ತಗೊಂಬಾ, ಕಾಲು ಸ್ವಲ್ಪ ನೋಡ್ಬೇಕು ನೀನು.”